ಯಾರದೋ ದುಡ್ಡು, ವಸಂತದ ಜಾತ್ರೆ

ಹೆಲ್ಮೆಟ್ ತೊಟ್ಟು ಒಬ್ಬರ ಮೇಲೊಬ್ಬರು ಎರಗುವ ಅಮೆರಿಕನ್ ಫುಟ್‌ಬಾಲಿನ ಹಬ್ಬ ಫೆಬ್ರವರಿಯಲ್ಲಿ ದೊಡ್ಡಣ್ಣನಂಥ ಲೀಗ್ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಮುಗಿಯುತ್ತದೆ. ಆಮೇಲೆ ಸೆಪ್ಟೆಂಬರ್‌ವರೆಗೆ ಜನ ಬೇಸ್‌ಬಾಲ್ ನೋಡುತ್ತಾರೆ, ಅಂಗಳದ ಹುಲ್ಲು ಕತ್ತರಿಸುತ್ತಾರೆ, ತೀರಾ ಬೇಜಾರಾದರೆ ಹೆಂಡತಿ ಮಕ್ಕಳನ್ನು ಮಾತಾಡಿಸುತ್ತಾರೆ. ಆದರೆ ಅವರೆಲ್ಲ ಫುಟ್‌ಬಾಲಿಲ್ಲದೆ ಸೊರಗುತ್ತಿದ್ದಾರೆಂದು ಕೆಲವು ವರ್ಷಕ್ಕೊಮ್ಮೆ ಯಾರಾದರೊಬ್ಬ ಕುಬೇರನಿಗೆ ಕನಸು ಬೀಳುತ್ತದೆ. ಬೆಳಗಾಗುವಷ್ಟರಲ್ಲಿ ಎಂಟು ತಂಡ, ಎಂಟು ಬಣ್ಣದ ಜೆರ್ಸಿ, ಒಂದು ಟಿವಿ ಒಪ್ಪಂದ ಸಿದ್ಧ. ಎನ್‌ಎಫ್‌ಎಲ್ ಕೈಬಿಟ್ಟ ಹುಡುಗರನ್ನು ತಿದ್ದಿ ತೀಡಿ ಮತ್ತೆ ಎನ್‌ಎಫ್‌ಎಲ್‌ಗೇ ಒಪ್ಪಿಸುವುದು ಲೀಗಿನ ಘನ ಉದ್ದೇಶ.

ಇಂಥ ವಸಂತದ ಲೀಗುಗಳ ಪೈಕಿ 1983ರ ಯುಎಸ್‌ಎಫ್‌ಎಲ್ ಗಟ್ಟಿ ಕುಳ. ಹರ್ಷೆಲ್ ವಾಕರ್, ಜಿಮ್ ಕೆಲ್ಲಿ, ಸ್ಟೀವ್ ಯಂಗ್ ಅವರಂಥ ತಾರಾ ಆಟಗಾರರನ್ನೇ ಹಿಡಿದು ತಂದಿತ್ತು. ಅಷ್ಟರಲ್ಲಿ ನ್ಯೂಜೆರ್ಸಿ ತಂಡ ಕೊಂಡ ಮಾಲೀಕರೊಬ್ಬರಿಗೆ ವಸಂತ ಸಾಲದೆನಿಸಿತು. ಶರತ್ಕಾಲಕ್ಕೇ ನುಗ್ಗಿ ಎನ್‌ಎಫ್‌ಎಲ್ ಎದೆಯ ಮೇಲೆ ಕೂರೋಣ ಎಂದರು, ಉಳಿದವರು ತಲೆಯಾಡಿಸಿದರು. ಆ ಮಾಲೀಕರ ಹೆಸರು ಡೊನಾಲ್ಡ್ ಟ್ರಂಪ್. ಎನ್‌ಎಫ್‌ಎಲ್‌ನ ಏಕಸ್ವಾಮ್ಯದ ವಿರುದ್ಧ ಲೀಗ್ ಮೊಕದ್ದಮೆ ಹೂಡಿತು, 1986ರಲ್ಲಿ ಗೆದ್ದೂ ಬಿಟ್ಟಿತು. ಎನ್‌ಎಫ್‌ಎಲ್‌ನದೇ ತಪ್ಪೆಂದು ಒಪ್ಪಿದ ಜ್ಯೂರಿ ಪರಿಹಾರ ಕೊಡಿಸಿತು: ಒಂದು ಡಾಲರ್. ಅದನ್ನು ಮೂರು ಪಟ್ಟು ಮಾಡಬೇಕೆಂದು ಕಾನೂನಿದೆ, ಹಾಗಾಗಿ ಮೂರು ಡಾಲರ್. ಬಡ್ಡಿ ಸೇರಿ ಮೂರೂ ಮುಕ್ಕಾಲು. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ ನಮ್ಮಲ್ಲಿ. ಅಲ್ಲಿ ಗೆದ್ದವನೇ ಸತ್ತ. ಸೋತವನು ಇಂದಿಗೂ ಹೊಟ್ಟೆ ತುಂಬ ಉಣ್ಣುತ್ತಿದ್ದಾನೆ.

2001ರಲ್ಲಿ ಕುಸ್ತಿ ಮನರಂಜನೆಯ ಧಣಿ ವಿನ್ಸ್ ಮೆಕ್‌ಮಹಾನ್ ಎಕ್ಸ್‌ಎಫ್‌ಎಲ್ ತೆರೆದರು. ನಾಣ್ಯ ಚಿಮ್ಮಿ ಟಾಸ್ ಹಾಕುವುದು ಅವರಿಗೆ ಸಪ್ಪೆ ಎನಿಸಿತು. ಚೆಂಡನ್ನು ನೆಲದಲ್ಲಿಟ್ಟು ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಓಡಿಸಿ, ಕಿತ್ತುಕೊಂಡವರದೇ ಟಾಸ್ ಎಂದು ಸಾರಿದರು. ಮೊದಲ ವಾರವೇ ಒರ್ಲಾಂಡೊದ ಆಟಗಾರನೊಬ್ಬನ ಭುಜಕ್ಕೆ ಪೆಟ್ಟಾಯಿತು, ಅದೂ ಆಟ ಶುರುವಾಗುವ ಮುಂಚೆ. ಲೀಗ್ ಒಂದೇ ಸೀಸನ್ನಿಗೆ ಬಾಗಿಲು ಹಾಕಿತು. ಅದೇ ಮಹಾಶಯರು 2020ರಲ್ಲಿ ಮತ್ತೆ ತೆರೆದರು. ಐದು ವಾರಕ್ಕೆ ಕೊರೊನಾ ಬಂತು. 2019ರ ಎಎಎಫ್ ಎಂಬ ಇನ್ನೊಂದು ಲೀಗಿಗಂತೂ ಕೊರೊನಾದ ನೆಪವೂ ಇರಲಿಲ್ಲ. ಸೀಸನ್ ಮುಗಿಯಲು ಇನ್ನೆರಡು ವಾರವಿದ್ದಾಗ ದುಡ್ಡು ಹಾಕುವವರೇ ಕೈ ಎತ್ತಿದರು.

ಇಷ್ಟಾದರೂ ಚಟ ಬಿಡಲಿಲ್ಲ. ಮತ್ತೆ ಹುಟ್ಟಿದ ಯುಎಸ್‌ಎಫ್‌ಎಲ್ 2022ರಲ್ಲಿ ಎಂಟೂ ತಂಡಗಳನ್ನು ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲೇ ಆಡಿಸಿತು. ನ್ಯೂಜೆರ್ಸಿಯ ‘ತವರು ಪಂದ್ಯ’ವೂ ಅಲ್ಲೇ. (ನಗಬೇಡಿ. 2012ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಅಂತ ಒಂದು ಬಂತು, ಅದರಲ್ಲಿ ಬೆಂಗಳೂರು ವಾರ್‌ಹಾಕ್ಸ್ ಎಂಬ ತಂಡವಿತ್ತು. ಆಡಿದ್ದು ಶ್ರೀಲಂಕಾದಲ್ಲಿ.) ಅತ್ತ ಮೂರನೇ ಜನ್ಮ ತಳೆದ ಎಕ್ಸ್‌ಎಫ್‌ಎಲ್ ಕೂಡ ನಷ್ಟದಲ್ಲೇ ಇತ್ತು. ಎರಡು ನಷ್ಟಗಳನ್ನು ಕೂಡಿಸಿದರೆ ಲಾಭ ಬರುತ್ತದೆಂಬ ಹೊಸ ಗಣಿತದಿಂದ 2024ರಲ್ಲಿ ಯುಎಫ್‌ಎಲ್ ಹುಟ್ಟಿತು.

ಆ ವರ್ಷ ಮಿಷಿಗನ್ ಪ್ಯಾಂಥರ್ಸ್ ತಂಡದಲ್ಲಿ ಜೇಕ್ ಬೇಟ್ಸ್ ಎಂಬ ಒದೆಗಾರನಿದ್ದ. ಅದಕ್ಕೂ ಮುಂಚೆ ಇಟ್ಟಿಗೆ ಮಾರುವ ಕೆಲಸ ಮಾಡಿದವನು. ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್‌ನಲ್ಲಿ, ಮೊದಲ ಪಂದ್ಯದ ಕೊನೆಗಳಿಗೆಯಲ್ಲಿ, 64 ಗಜದಿಂದ ಒದ್ದ. ಚೆಂಡು ಕಂಬಗಳ ನಡುವೆ ಹೋಯಿತು. ಎದುರಾಳಿಗಳು ಟೈಮ್‌ಔಟ್ ಕೇಳಿದ್ದರಿಂದ ಲೆಕ್ಕಕ್ಕಿಲ್ಲ ಎಂದರು. ಮತ್ತೊಮ್ಮೆ ಒದ್ದ, ಮತ್ತೂ ಹೋಯಿತು. ಕೆಲವೇ ತಿಂಗಳಲ್ಲಿ ಅದೇ ಮೈದಾನದ ಎನ್‌ಎಫ್‌ಎಲ್ ತಂಡ ಲಯನ್ಸ್ ಅವನನ್ನು ಕರೆದುಕೊಂಡಿತು. ಇಂಥ ವಸಂತದ ಲೀಗಿನಿಂದಲೇ ಎನ್‌ಎಫ್‌ಎಲ್‌ನ ಡಲ್ಲಾಸ್ ತಂಡಕ್ಕೆ ಬ್ರ್ಯಾಂಡನ್ ಆಬ್ರಿ ಸಿಕ್ಕ, ಅವನೂ ಒದೆಗಾರ. ಎಕ್ಸ್‌ಎಫ್‌ಎಲ್‌ನ ಕಿಕ್‌ಆಫ್ ನಿಯಮವನ್ನೂ ಎನ್‌ಎಫ್‌ಎಲ್ ಒಂದಿಷ್ಟು ಬದಲಿಸಿ 2024ರಲ್ಲಿ ಎತ್ತಿಕೊಂಡಿತು. ಆದರೆ ಈ ಲೀಗುಗಳ ನಷ್ಟದಲ್ಲಿ ಅದಕ್ಕೆ ಪಾಲಿಲ್ಲ. ಊಟಕ್ಕೆ ಮುಂದು, ಬಿಲ್ಲಿಗೆ ಹಿಂದು.

ಎನ್‌ಎಫ್‌ಎಲ್ ತಾನೇ ದುಡ್ಡು ಹಾಕಿ ನೋಡಿದ್ದೂ ಉಂಟು. ಎನ್‌ಎಫ್‌ಎಲ್ ಯುರೋಪ್ ಎಂಬ ವಸಂತದ ಲೀಗಿನಲ್ಲಿ 1998ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಆಡಿದ ಕರ್ಟ್ ವಾರ್ನರ್, ಎರಡು ವರ್ಷದೊಳಗೆ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನಾದ. ಅಂಥ ಫಲ ಕೊಟ್ಟ ಮರವನ್ನೂ ನಷ್ಟದ ಲೆಕ್ಕ ತೋರಿಸಿ 2007ರಲ್ಲಿ ಕಡಿದು ಹಾಕಿದರು. ಯಾಕೆಂದರೆ ಆಟಗಾರರನ್ನು ತಯಾರಿಸುವ ಕಾರ್ಖಾನೆ ಕಾಲೇಜುಗಳ ಹೆಸರಿನಲ್ಲಿ ಆಗಲೇ ಇದೆ, ಎನ್‌ಎಫ್‌ಎಲ್‌ಗೆ ಬಿಡಿಗಾಸಿನ ಖರ್ಚಿಲ್ಲ. 2025ರ ಜುಲೈನಿಂದ ಒಂದೊಂದು ಕಾಲೇಜು ತನ್ನ ಕ್ರೀಡಾಪಟುಗಳಿಗೆ ನೇರವಾಗಿ ದುಡ್ಡು ಹಂಚಬಹುದು, ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಇತ್ತ 2024ರಲ್ಲಿ ಯುಎಫ್‌ಎಲ್ ಆಟಗಾರನ ವಾರದ ಸಂಬಳ 5,500 ಡಾಲರ್. ಎನ್‌ಎಫ್‌ಎಲ್‌ನಲ್ಲಿ ಬರೀ ತಾಲೀಮಿಗೆಂದು ಇಟ್ಟುಕೊಂಡ ಹುಡುಗನಿಗೆ ಕನಿಷ್ಠ 16,800. ಆಡುವವನಿಗಿಂತ ಬೆಂಚು ಕಾಯುವವನಿಗೇ ಮೂರು ಪಟ್ಟು.

ಹಾಗಾದರೆ ಯುಎಫ್‌ಎಲ್ ಉಳಿಯುತ್ತದೆಯೇ? ವಸಂತದ ಶನಿವಾರ ಮಧ್ಯಾಹ್ನ ತುಂಬಿಸಲು ಟಿವಿಯವರಿಗೆ ಏನಾದರೊಂದು ಬೇಕಿರುವವರೆಗೆ, ಕನಸು ಕಾಣುವ ಕುಬೇರರು ಹುಟ್ಟುತ್ತಿರುವವರೆಗೆ ಉಳಿಯುತ್ತದೆ. ಊರಿನ ತಂಡವೆಂದು ಜೆರ್ಸಿ ಕೊಂಡು ಹಾಕಿಕೊಂಡವರ ಮಾತು ಬೇರೆ. ಬೇಟ್ಸ್ ಒದ್ದ ಆ ಮಿಷಿಗನ್ ತಂಡ 2025ರಲ್ಲಿ ಫೈನಲ್ ಆಡಿತು. 2026ರ ಲೀಗಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.