ಕನಕಾಂಬರದ ಕೂಲಿ

ಸೇಡಂ ಬಿಸಿಲಿನಲ್ಲಿ ನೆರಳು ಬೇಡುವ ಹೂಗಿಡ ಸಾಕುವುದೆಂದರೆ, ವಾಡಿ ಜಂಕ್ಷನ್ನಿನಲ್ಲಿ ಜನರಲ್ ಬೋಗಿ ಹತ್ತಿ ಕಿಟಕಿ ಸೀಟು ಹುಡುಕಿದ ಹಾಗೆ. ಆದರೆ ನಮ್ಮ ಮನೆಯಾಕೆಗೆ ಕನಕಾಂಬರವೇ ಬೇಕು. ಮೇ ತಿಂಗಳಿಗೆ ಇಲ್ಲಿ 42 ಡಿಗ್ರಿ ಎಂದರೆ ಮಾಮೂಲು. ಅಂಗಳಕ್ಕೆ ಹಾಸಿದ್ದು ಶಹಾಬಾದಿನ ಪರಸಿ; ಮಧ್ಯಾಹ್ನ ಅದರ ಮೇಲೆ ರೊಟ್ಟಿ ಬೇಯಿಸಬಹುದು, ಕುಂಡ ಇಡಲಾಗದು. ಹೀಗಾಗಿ ಬೇವಿನ ಮರದ ನೆರಳು ಸರಿದಂತೆ ಕುಂಡವೂ ಸರಿಯಬೇಕು. ಸರಿಸುವವನು ನಾನು.

“ರೀ, ಹೂವಿಗೆ ಬಿಸಿಲು ಬಂತ್ ನೋಡ್ರಿ!”

ನನಗೆ ಬಿಸಿಲು ಬಂದದ್ದನ್ನು ಈವರೆಗೆ ಯಾರೂ ಕೂಗಿ ಹೇಳಿಲ್ಲ.

ಮೊದಲ ಗಿಡ ಸತ್ತದ್ದು ಬಿಸಿಲಿಗಲ್ಲ, ನನ್ನ ಪ್ರೀತಿಗೆ. ತೊಗರಿ ಹೊಲದ ಎರೆಮಣ್ಣು ತುಂಬಿ, ದಿನಕ್ಕೆರಡು ತಂಬಿಗೆ ನೀರು ಸುರಿದೆ. ನೀರು ಇಂಗದೆ ಬೇರು ಕೊಳೆಯಿತು. ಈಗ ಉಸುಕು, ತಿಪ್ಪೆಗೊಬ್ಬರ ಬೆರೆಸಿ, ಮೇಲ್ಮಣ್ಣು ಒಣಗಿದರಷ್ಟೇ ನೀರು.

ವಾಸನೆ ಹುಡುಕಬೇಡಿ, ಈ ಹೂವಿಗಿಲ್ಲ. ಆಟ ಮಾತ್ರ ಇದೆ. ಒಣಗಿದ ತೆನೆಗೆ ನೀರು ಚಿಮುಕಿಸಿ ಸುಮ್ಮನೆ ಕೂತರೆ, ಕಾಯಿ ಚಟ್ಟನೆ ಸಿಡಿದು ಬೀಜ ಹಾರುತ್ತವೆ. ಮೊನ್ನೆ ಒಂದು ನೇರ ನನ್ನ ಚಹಾದ ಕಪ್ಪಿಗೆ! ‘ಡೆಲ್ಲಿ’ ತಳಿಯಲ್ಲಿ ಈ ಗಮ್ಮತ್ತಿಲ್ಲ; ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು.

ಚಿತ್ತಾಪುರದ ತಂಗಿ, ಚಿಂಚೋಳಿಯ ಬೀಗರು ಆಗಲೇ ಬೀಜ ಕೇಳಿದ್ದಾರೆ. ನಿಮಗೂ ಬೇಕಿದ್ದರೆ ಮೊದಲ ಮಳೆಗೆ ಬರ್ರಿ. ಬರುವಾಗ ಕುಂಡ ಹೊರಲು ಒಬ್ಬ ಆಳನ್ನೂ ಕರಕೊಂಡು ಬರ್ರಿ.