ಸಜೆಸ್ಟ್ ರಾಯರು

ಅವರ ನಿಜವಾದ ಹೆಸರು ಗೊತ್ತಿರುವುದು ಸಂಬಳದ ಪಟ್ಟಿಗೆ ಮಾತ್ರ. ಆಫೀಸಿಗೆಲ್ಲ ಅವರು ಸಜೆಸ್ಟ್ ರಾಯರು. ಜೇಬಿನಲ್ಲಿ ಕೆಂಪು ಪೆನ್ನು, ಡ್ರಾಯರಿನಲ್ಲಿ ಖಾಕಿ ರಟ್ಟು ಹಾಕಿದ ರೆನ್ ಅಂಡ್ ಮಾರ್ಟಿನ್ ವ್ಯಾಕರಣ. ಆಯುಧಪೂಜೆಯ ದಿನ ಕಂಪ್ಯೂಟರಿಗಿಂತ ಮೊದಲು ಕುಂಕುಮ ಬೀಳುವುದು ಆ ಪುಸ್ತಕಕ್ಕೆ. ರಾಯರು ಯಾರಿಗೂ ಮೇಲಧಿಕಾರಿಯಲ್ಲ. ಆದರೂ ಅವರ ಕಣ್ಣು ತಪ್ಪಿಸಿ ಒಂದು ಪತ್ರವೂ ಮ್ಯಾನೇಜರ ಕೋಣೆ ಸೇರಿದ್ದಿಲ್ಲ.

ತಂಗಿಯ ಮಗುವಿನ ನಾಮಕರಣಕ್ಕೆಂದು ನಾನು ವಾರದ ಮೊದಲೇ ರಜೆ ಅರ್ಜಿ ಬರೆದೆ. ಕೆಲಸ ನಿಲ್ಲದಿರಲಿ ಎಂದು ಕೊನೆಯಲ್ಲಿ, ‘ಐ ಸಜೆಸ್ಟ್ ಯೂ ಟು ಗಿವ್ ಮೈ ಫೈಲ್ಸ್ ಟು ಸುಮಾ’ ಎಂದು ಸೇರಿಸಿದೆ. ರಾಯರು ಕನ್ನಡಕ ಹಣೆಗೇರಿಸಿದರು.

“‘ಕೊಡಲು ಸೂಚಿಸುತ್ತೇನೆ’ ಅಂತ ಕನ್ನಡದಲ್ಲಿ ಯೋಚಿಸಿ ಕೋಟು ತೊಡಿಸಿದ್ದೀರಿ. ನಮ್ಮ ‘ಲು’ ಅಲ್ಲಿ ‘ಟು’ ಆಗಿ ಕೂತಿದೆ. ಅಡ್ವೈಸು, ರಿಕ್ವೆಸ್ಟು, ಆಸ್ಕು ಈ ಮೂರೂ ‘ಯೂ ಟು’ ಬಂದರೆ ಮಣೆ ಹಾಕ್ತವೆ. ಸಜೆಸ್ಟು ಮಡಿ ಕಣ್ರೀ, ಹೊಸಿಲಲ್ಲೇ ನಿಲ್ಲಿಸುತ್ತೆ. ಅದಕ್ಕೆ ‘ಗಿವಿಂಗ್’ ಬೇಕು, ಇಲ್ಲ ‘ದಟ್’ ಬೇಕು.”

ದಟ್ ಹಾಕಿಕೊಂಡು ಹೋದೆ: ‘ಐ ಸಜೆಸ್ಟ್ ದಟ್ ಸುಮಾ ಟೇಕ್ಸ್ ಮೈ ಫೈಲ್ಸ್.’ ರಾಯರು ‘ಟೇಕ್ಸ್’ನ ಬಾಲದಲ್ಲಿದ್ದ ಎಸ್ ಅನ್ನು ಕೆಂಪು ಗೀಟಿನಿಂದ ಕತ್ತರಿಸಿದರು.

“ಒಬ್ಬರೇ ಇದ್ದರೆ ಎಸ್ ಬರಬೇಕು ಅಂತ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದು ಸಾರ್.”

“ಸುಮಾ ಇನ್ನೂ ಫೈಲು ತಗೊಂಡಿಲ್ವಲ್ಲ? ಆಗಲಿ ಅನ್ನೋ ಮಾತಿಗೆ ಬಾಲ ಇರೋದಿಲ್ಲ. ಇಂಗ್ಲೆಂಡಿನವರು ನಡುವೆ ‘ಷುಡ್’ ಇಡ್ತಾರೆ, ಕೆಲವರು ಆ ಎಸ್ಸನ್ನೂ ಸಹಿಸ್ತಾರೆ. ಈ ಟೇಬಲ್ಲಿನಲ್ಲಿ ನಡೆಯೋದಿಲ್ಲ.”

ಮೂರನೆಯ ಸಲ ಎಸ್ ಇಲ್ಲದೆ ಹೋದೆ. “ಮ್ಯಾನೇಜರಿಗೇ ನೇರವಾಗಿ ಸಜೆಸ್ಟ್ ಮಾಡೋಕೆ ನೀವೇನು ಅವರ ಮಾವನೇ? ಹಿಂದೆ ಒಂದು ‘ವುಡ್’ ಇರಲಿ, ವಿನಯಕ್ಕೆ.”

ಈ ವಿನಯವೆಲ್ಲ ಮನೆಯಲ್ಲಿ ಎಷ್ಟು ನಡೆಯುತ್ತದೆ ಎಂದು ನಾನು ಕಂಡಿದ್ದೇನೆ. ಒಮ್ಮೆ ಅಲ್ಲಿ ಊಟಕ್ಕೆ ಕೂತಿದ್ದಾಗ ರಾಯರು, “ಸಾರಿಗೆ ಇನ್ನೊಂಚೂರು ಉಪ್ಪು ಬೀಳಬಹುದಿತ್ತೇನೋ” ಎಂದರು. “ಬೇಕು ಅಂದ್ರೆ ಬೇಕು ಅನ್ನಿ” ಎಂದು ಅವರ ಹೆಂಡತಿ ಉಪ್ಪಿನ ಭರಣಿಯನ್ನೇ ಎಲೆಯ ಪಕ್ಕ ಕುಕ್ಕಿ ಹೋದರು. ರಾಯರು ತಲೆ ಬಗ್ಗಿಸಿ ಉಪ್ಪು ಹಾಕಿಕೊಂಡರು. ಆ ವಾಕ್ಯದಲ್ಲಿ ತಿದ್ದುವುದಕ್ಕೆ ಅವರಿಗೂ ಏನೂ ಸಿಕ್ಕಲಿಲ್ಲ.

ನಾಲ್ಕನೆಯ ಸಲ ಒಂದು ಕಾಮಾದ ಬಗ್ಗೆ ಅನುಮಾನ ಬಂದು ರಾಯರು ಅರ್ಜಿಯನ್ನು ಮನೆಗೇ ಒಯ್ದರು. ಮರುದಿನ ಅವರಿಗೆ ಜ್ವರ. ಅಷ್ಟರಲ್ಲಿ ಶುಕ್ರವಾರ ಬಂತು. ನನ್ನ ಸೋದರಳಿಯನಿಗೆ ಹೆಸರಿಟ್ಟದ್ದನ್ನು ನಾನು ಆಫೀಸಿನ ಕುರ್ಚಿಯಲ್ಲಿ ಕೂತು ವಾಟ್ಸಾಪಿನಲ್ಲಿ ನೋಡಿದೆ.

ಸೋಮವಾರ ಅರ್ಜಿ ಮರಳಿ ಬಂತು. ಕಾಮಾ ಸ್ವಸ್ಥಾನದಲ್ಲಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಐ ವುಡ್ ಸಜೆಸ್ಟ್ ದಟ್ ದ ಡೇಟ್ ಬಿ ಚೇಂಜ್ಡ್.’

ಎರಡು ಸಲ ಓದಿದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.