ಎದೆ ಮೇಲೆ ಹದ್ದು, ಕಿವಿಗಿಲ್ಲ ಸದ್ದು

ಆ ಕಪ್ಪು ಟೀ-ಶರ್ಟು ನಿಮ್ಮನೇಲೂ ಇದೆ. ಇಲ್ಲ ಅನ್ಬೇಡಿ. ನಿಮ್ಮದಲ್ಲದಿದ್ರೆ ಮಗಳದ್ದು, ಮಗಳದ್ದೂ ಅಲ್ಲದಿದ್ರೆ ಭಾವಮೈದುನ ಬಂದಾಗ ಬಿಟ್ಟು ಹೋಗಿದ್ದು. ಎದೆ ಮೇಲೆ ಗುಂಡಗಿನ ಬಿಳಿ ಮುದ್ರೆ, ನಡುವೆ ರೆಕ್ಕೆ ಬಿಚ್ಚಿದ ಹದ್ದು, ದಪ್ಪ ಅಕ್ಷರದಲ್ಲಿ ‘ರಮೋನ್ಸ್’. ಬ್ರಿಗೇಡ್ ರೋಡಲ್ಲಿ ಚೌಕಾಸಿ ಮಾಡಿ ತಗೊಂಡ್ರೋ, ಆನ್‌ಲೈನ್ ಸೇಲಲ್ಲಿ ಒಂದಕ್ಕೊಂದು ಫ್ರೀ ಬಂತೋ, ಅದು ನಂಗೆ ಬೇಡ.

ನಂಗೆ ಬೇಕಾಗಿರೋದು ಇಷ್ಟೇ: ಅವರದೊಂದು ಹಾಡಿನ ಹೆಸರು ಹೇಳಿ ನೋಡೋಣ. (ಫೋನ್ ಕೆಳಗಿಡಿ ಸ್ವಾಮಿ, ಗೂಗಲ್ ಮಾಡೋದು ಕಾಣ್ತಿದೆ.) ಆಗಲ್ವಾ? ಹೋಗ್ಲಿ, ಅದು ಹಾಡೋ ಬ್ಯಾಂಡೋ, ಬಟ್ಟೆ ಕಂಪನಿಯೋ, ಅಷ್ಟಾದ್ರೂ ಹೇಳಿ. ಜಿಮ್ಮಿನ ಹೆಸರು ಅಂದ್ಕೊಂಡಿದ್ರಾ? ಪರ್ವಾಗಿಲ್ಲ, ಇಲ್ಲಿರೋದು ನಾವಿಬ್ರೇ.

ನಾಚ್ಕೋಬೇಡಿ, ನಿಮ್ಮ ಪಂಗಡ ಬಹಳ ದೊಡ್ಡದು. ರಮೋನ್ಸ್ ರೆಕಾರ್ಡಿಗಿಂತ ಟೀ-ಶರ್ಟೇ ಜಾಸ್ತಿ ಖರ್ಚಾಗಿದೆ ಅಂತ ರಾಕ್ ಸಂಗೀತದೋರೇ ಆಡ್ಕೋತಾರೆ. ಅವರ ಮೊದಲನೇ ಆಲ್ಬಂ ಬಂದಿದ್ದು 1976ರ ಏಪ್ರಿಲ್‌ನಲ್ಲಿ. 14 ಹಾಡು, ಎಲ್ಲಾ ಸೇರಿ 29 ನಿಮಿಷ, ತಯಾರಿ ಖರ್ಚು ಸುಮಾರು 6,400 ಡಾಲರ್. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಏದುಸಿರು ಬಿಟ್ಕೊಂಡು 111ನೇ ಜಾಗ ಹತ್ತಿ ಅಲ್ಲೇ ಕೂತ್ಬಿಡ್ತು.

ಅದಕ್ಕೆ ‘ಗೋಲ್ಡ್’ ಪಟ್ಟ, ಅಂದ್ರೆ ಐದು ಲಕ್ಷ ಪ್ರತಿಗಳ ಲೆಕ್ಕ, ಸಿಕ್ಕಿದ್ದು 2014ರಲ್ಲಿ. 38 ವರ್ಷ! (ನಿಮ್ಮ ಸೈಟಿನ ಖಾತೆ ಆಗೋಕೂ ಅಷ್ಟು ದಿನ ಬೇಕಾಗಿಲ್ಲ. ಬೇಕಾಯ್ತಾ?) ಅಷ್ಟೊತ್ತಿಗೆ ಮೂಲ ನಾಲ್ವರಲ್ಲಿ ಉಳಿದಿದ್ದೋನು ಟಾಮಿ ಒಬ್ಬನೇ. ಅವನೂ ಅದೇ ವರ್ಷ ಜುಲೈನಲ್ಲಿ ಹೋದ.

ಯಾರು ಈ ನಾಲ್ವರು ಅಂತೀರಾ? ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಫಾರೆಸ್ಟ್ ಹಿಲ್ಸ್ ಅಂತ ಒಂದು ಬಡಾವಣೆ. ಅಲ್ಲಿನ ಹುಡುಗರು. ಹಾಡೋಕೆ ಜೋಯಿ (ಆರೂವರೆ ಅಡಿ ಉದ್ದ, ಮುಖ ಪೂರ್ತಿ ಕೂದಲು), ಗಿಟಾರಿಗೆ ಜಾನಿ, ಬೇಸ್‌ಗೆ ಡೀ ಡೀ, ಡ್ರಮ್ಮಿಗೆ ಟಾಮಿ. ಎಲ್ಲರ ಸರ್‌ನೇಮೂ ರಮೋನ್. ಅಣ್ಣತಮ್ಮಂದಿರಾ? ರಕ್ತಸಂಬಂಧ ಇರ್ಲಿ, ಟಾಮಿ ಹುಟ್ಟಿದ್ದೇ ಬುಡಾಪೆಸ್ಟ್‌ನಲ್ಲಿ.

ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಿಂದೆ ಯಾವತ್ತೋ ಪಾಲ್ ರಮೋನ್ ಅಂತ ಸುಳ್ಳು ಹೆಸರು ಇಟ್ಕೊಂಡಿದ್ದ. ಅದನ್ನ ಎತ್ಕೊಂಡು ನಾಲ್ಕೂ ಜನ ಹಂಚ್ಕೊಂಡ್ರು. ನಗ್ತೀರಾ? ನ್ಯೂಮರಾಲಜಿಯೋರು ಹೇಳಿದ್ರು ಅಂತ ಹೆಸರಿಗೆ ಇನ್ನೊಂದು ‘ಎ’ ಅಂಟಿಸ್ಕೊಂಡು ಬ್ಯಾಂಕಲ್ಲಿ ಅಫಿಡವಿಟ್ ಕೊಟ್ಟೋರು ಯಾರು, ಹೇಳ್ಲಾ?

ಇನ್ನು ಡ್ರೆಸ್ಸು. ಲೆದರ್ ಜಾಕೆಟ್ಟು, ಮಂಡಿ ಹರಿದ ಜೀನ್ಸು, ಕ್ಯಾನ್ವಾಸ್ ಶೂ. ಬೀದಿ ಹುಡುಗರ ವೇಷವನ್ನೇ ಇವ್ರು ಯೂನಿಫಾರ್ಮ್ ಮಾಡ್ಕೊಂಡು ವರ್ಷಗಟ್ಟಲೆ ಬದಲಾಯಿಸ್ಲಿಲ್ಲ. ಆಮೇಲೆ ಅದು ಪ್ರಪಂಚದ ಫ್ಯಾಷನ್ ಆಯ್ತು. ಈಗ ನೀವು ಮಾಲಲ್ಲಿ ಸಾವಿರಾರು ರೂಪಾಯಿ ಕೊಟ್ಟು, ಕತ್ತರಿ ಹಾಕಿದ ಪ್ಯಾಂಟನ್ನ ಇಸ್ತ್ರಿ ಮಾಡಿಸಿ (ಹರಿದಿದ್ದಕ್ಕೆ ಇಸ್ತ್ರಿ!) ಹಾಕ್ಕೊಳ್ಳೋದ್ರಲ್ಲಿ ಇವ್ರ ಪಾಲೂ ಇದೆ.

ಆ ಕಾಲದ ರಾಕ್ ಸಂಗೀತ ಸ್ವಲ್ಪ ಸಾಹುಕಾರ್ರ ಪಾಲಾಗಿತ್ತು ನೋಡಿ. ಲಾರಿಗಟ್ಟಲೆ ಸಾಮಾನು, ದೊಡ್ಡ ದೊಡ್ಡ ಸ್ಟೇಡಿಯಂ, ಮುಗಿಯೋದೇ ಇಲ್ಲ ಅನ್ನೋ ಸೋಲೋಗಳು. ಡ್ರಮ್ಮಿನೋನು ಶುರು ಹಚ್ಕೊಂಡ್ರೆ ಉಳಿದೋರು ಹೊರಗೆ ಹೋಗಿ ಸಿಗರೇಟ್ ಸೇದಿ ಬರಬಹುದಿತ್ತು. ಇವ್ರು ಬಂದ್ರು, ಎರಡು ನಿಮಿಷಕ್ಕೆ ಹಾಡು ಮುಗಿಸಿದ್ರು. ಸೋಲೋ? ಅದೇನೋ ಗೊತ್ತೇ ಇಲ್ಲ ಅನ್ನೋ ಹಾಗಿದ್ರು.

1974ರ ಆಗಸ್ಟ್ 16ಕ್ಕೆ ಅವರು ಮ್ಯಾನ್‌ಹಟನ್ನಿನ ಬವರಿ ರಸ್ತೆಯ ಸಿಬಿಜಿಬಿ ಅನ್ನೋ ಕ್ಲಬ್ಬಲ್ಲಿ ಮೊದಲ ಸಲ ನಿಂತ್ರು. ಕ್ಲಬ್ಬಿನ ಹೆಸರಿನ ಪೂರ್ತಿ ರೂಪ ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್. ಓನರ್ ಹಿಲಿ ಕ್ರಿಸ್ಟಲ್ ಹಳ್ಳಿ ಹಾಡು ಬರುತ್ತೆ ಅಂತ ಬಾಗಿಲು ತೆಗೆದ, ಒಳಗೆ ಬಂದಿದ್ದು ಪಂಕ್, ಅಂದ್ರೆ ಇವ್ರ ಈ ಚುಟುಕು ಗದ್ದಲ. ಇವ್ರೋ, ಯಾವ ಹಾಡು ಮೊದಲು ಅಂತ ಸ್ಟೇಜ್ ಮೇಲೇ ಜಗಳ ಆಡೋರು. ಜಗಳ ಮುಗೀತಾ, ಡೀ ಡೀ ಒನ್ ಟೂ ತ್ರೀ ಫೋರ್ ಅಂತ ಕಿರುಚೋನು, ಅಷ್ಟೇ, ಮಾರಿ ಬಿಟ್ಟ ಹಾಗೆ ಸದ್ದು.

ಈಗ ಒಂದು ಕೆಲಸ ಮಾಡಿ. ಬಲಗೈ ಬೆರಳು ಮಡಚಿ ತೊಡೆ ಮೇಲೆ ಗಿಟಾರ್ ಬಾರಿಸೋ ಹಾಗೆ ಕೆಳಗೆ, ಮೇಲೆ, ಕೆಳಗೆ, ಮೇಲೆ ಎಳೀರಿ. ಸುಲಭ ಅಲ್ವಾ? ಈಗ ಬರೀ ಕೆಳಮುಖದ ಏಟು, ಅದೇ ಸ್ಪೀಡಲ್ಲಿ. ಅರ್ಧ ನಿಮಿಷಕ್ಕೆ ಮಣಿಕಟ್ಟು ಹಿಡ್ಕೊಂತಾ? (ಪಕ್ಕದಲ್ಲಿ ಕೂತೋರು ನೋಡ್ತಿದ್ರೆ ತೊಡೆ ತುರಿಸ್ತಿದೆ ಅನ್ನಿ.)

ಜಾನಿ ರಮೋನ್ ನಿಮಿಷಕ್ಕೆ 300ಕ್ಕೂ ಮೇಲೆ ಇಂಥ ಏಟು ಹಾಕ್ಕೊಂಡು, ಶೋ ಪೂರ್ತಿ ಎಳೀತಿದ್ದ. ಮೇಲಿಂದ ಬಿದ್ದ ಏಟಿಗೆ ಪ್ರತಿ ಸಲ ದಪ್ಪ ತಂತಿಯೇ ಮೊದಲು ಸಿಗುತ್ತೆ, ಅದಕ್ಕೇ ಸದ್ದು ಒಂದೇ ಸಮ, ಗೋಡೆ ಎದ್ದ ಹಾಗೆ. ಮೂರು ಕಾರ್ಡ್ ಬಿಟ್ರೆ ಏನೂ ಬರಲ್ಲ ಅಂತ ಮೂಗು ಮುರಿದೋರಿಗೆ ಈ ಕೈಯ ಕಸರತ್ತು ಕಾಣ್ಲೇ ಇಲ್ಲ.

2011ರಲ್ಲಿ ಅರಮನೆ ಮೈದಾನಕ್ಕೆ ಮೆಟಾಲಿಕಾ ಬ್ಯಾಂಡ್ ಬಂದಾಗ ಕೆಸರಲ್ಲಿ ಕುಣಿದೋರು ನೀವೇ ಅಲ್ವಾ? ಅವತ್ತು ಅವರ ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಬಲಗೈಲಿ ಗುದ್ದಿದ್ದನ್ನ ನೋಡಿ ಬಾಯಿ ಬಿಟ್ರಲ್ಲ, ಆ ಬರೀ ಕೆಳಮುಖದ ಏಟಿನ ಹಿಂದೆ ಜಾನಿ ಇದ್ದಾನೆ. 2003ರಲ್ಲಿ ರಮೋನ್ಸ್ ಗೌರವಕ್ಕೆ ಅಂತ ಬಂದ ಆಲ್ಬಮ್ಮಲ್ಲಿ ಮೆಟಾಲಿಕಾದೋರೂ ಒಂದು ಹಾಡು ಬಾರಿಸಿದ್ದಾರೆ. ಹಾಗಾಗಿ ನೀವು ರಮೋನ್ಸ್ ಕೇಳಿಲ್ಲ ಅನ್ನೋ ಹಾಗೂ ಇಲ್ಲ. ಎರಡನೇ ಕೈ ಮಾಲು ಕೇಳಿದ್ದೀರಿ.

1976ರ ಜುಲೈ 4ಕ್ಕೆ ಇವ್ರು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ಬಾರಿಸಿದ್ರು. ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು 200 ವರ್ಷ ತುಂಬಿದ ದಿನ, ಬ್ರಿಟಿಷರ ಊರಲ್ಲೇ ಹೋಗಿ ಗದ್ದಲ. ಆ ರಾತ್ರಿಯೇ ಇಂಗ್ಲೆಂಡಲ್ಲಿ ಪಂಕ್ ಹುಟ್ಟಿತು ಅಂತ ಕಥೆ ಕಟ್ಟೋರಿದ್ದಾರೆ. ನಂಬ್ಬೇಡಿ. ಅಲ್ಲಿನ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ಆಗಲೇ ತಿಂಗಳುಗಟ್ಟಲೆ ಬಾರಿಸ್ತಿದ್ರು. ಆ ರಾತ್ರಿ ಅವ್ರೂ, ಅಲ್ಲಿನದೇ ಇನ್ನೊಂದು ಬ್ಯಾಂಡ್ ಕ್ಲ್ಯಾಶ್‌ನೋರೂ ಶೆಫೀಲ್ಡ್‌ನಲ್ಲಿ ಸ್ಟೇಜ್ ಮೇಲಿದ್ರು.

ಮಾರನೇ ದಿನ ಡಿಂಗ್ವಾಲ್ಸ್ ಅನ್ನೋ ಕಡೆ ಇವ್ರು ಬಾರಿಸಿದಾಗ ಆ ಹುಡುಗರು ಬಂದು ನೋಡಿದ್ರು. ನಮಗಿನ್ನೂ ಸರಿಯಾಗಿ ಬಾರಿಸೋಕೆ ಬರಲ್ಲ ಅಂತ ಅಳುಕ್ತಿದ್ದ ಕ್ಲ್ಯಾಶ್‌ನೋರಿಗೆ ಜಾನಿ ಹೇಳಿದ್ದು ಏನು ಅಂದ್ರೆ, ನಮಗೂ ಬರಲ್ಲ, ಬರೋವರೆಗೂ ಕಾಯ್ತಾ ಕೂರಬೇಡಿ, ಸುಮ್ನೆ ಹತ್ತಿ ಬಾರಿಸಿ ಅಂತ. ಹುಡುಗರು ಹಾಗೇ ಮಾಡಿದ್ರು.

ನೀವು? ಕಾಲೇಜಲ್ಲಿ ತಗೊಂಡ ಗಿಟಾರ್ ಅಟ್ಟದ ಮೇಲಿದೆ. ಎರಡು ತಂತಿ ಹರಿದಿವೆ, ಕತ್ತಿಗೆ ಯಾರದೋ ಹೆಲ್ಮೆಟ್ ನೇತು ಹಾಕಿದೆ. ಒಳ್ಳೇ ಮೇಷ್ಟ್ರು ಸಿಗ್ಲಿ, ಪ್ರಮೋಷನ್ ಆಗ್ಲಿ, ಮಗನ ಎಸ್ಸೆಸ್ಸೆಲ್ಸಿ ಮುಗೀಲಿ ಅಂತ ಕಾಯ್ತಿದ್ದೀರಿ. ಯೂಟ್ಯೂಬ್ ಚಾನೆಲ್ಲಿಗೆ ಮೈಕ್ ತರಿಸಿದ್ದೂ ಆಯ್ತು, ಈಗ ಲೈಟಿಂಗ್ ಸರಿ ಇಲ್ಲ ಅಲ್ವಾ? (ಬಾಕ್ಸೇ ಒಡೆದಿಲ್ಲ ಅಂತ ಮನೆಯವ್ರು ಹೇಳಿದ್ರು.)

ಅದೆಲ್ಲ ಬಿಡಿ, ಟೀ-ಶರ್ಟಿನ ಹದ್ದನ್ನ ಯಾವತ್ತಾದ್ರೂ ಸರಿಯಾಗಿ ನೋಡಿದ್ದೀರಾ? ಆರ್ಟುರೋ ವೇಗ ಅಂತ ಮೆಕ್ಸಿಕೋದಲ್ಲಿ ಹುಟ್ಟಿದ ಕಲಾವಿದ, ರಮೋನ್ಸ್‌ನ ಆಪ್ತ. ವಾಷಿಂಗ್ಟನ್ನಿಗೆ ಹೋದಾಗ ಸರ್ಕಾರಿ ಮುದ್ರೆಗಳನ್ನ ಕಂಡು ಮರುಳಾಗಿ, ಅಮೆರಿಕ ಅಧ್ಯಕ್ಷರ ಮುದ್ರೆಯನ್ನೇ ಇವರಿಗೆ ತಿದ್ದಿ ಕೊಟ್ಟ. ಹದ್ದಿನ ಕಾಲಲ್ಲಿ ಬಾಣ ಇರಬೇಕಾದ ಕಡೆ ಬೇಸ್‌ಬಾಲ್ ಬ್ಯಾಟು, ಯಾಕಂದ್ರೆ ಜಾನಿಗೆ ಬೇಸ್‌ಬಾಲ್ ಹುಚ್ಚು. ಆಲಿವ್ ರೆಂಬೆ ಇದ್ದಲ್ಲಿ ಸೇಬಿನ ರೆಂಬೆ. ಸುತ್ತ ನಾಲ್ವರ ಹೆಸರು.

ಅಧ್ಯಕ್ಷರ ಮುದ್ರೆಗೆ ಬ್ಯಾಟು ಹಿಡಿಸಿ ಎದೆ ಮೇಲೆ ಹಾಕ್ಕೊಳ್ಳೋದಂದ್ರೆ ಸಣ್ಣ ತರಲೆ ಅಲ್ಲ. ಶೋ ನಡೆದ ಕಡೆ ವೇಗನೇ ಟೀ-ಶರ್ಟು ಮಾರ್ತಿದ್ದ. ರೆಕಾರ್ಡಿಂದ ಬರದ ದುಡ್ಡು ಬಟ್ಟೆಯಿಂದ ಬಂತು. ನನ್ನ ಕೇಳಿದ್ರೆ ಆ ಮುದ್ರೆಯೂ ಅವರ ಹಾಡುಗಳ ಸಾಲಿಗೇ ಸೇರ್ಬೇಕು, ಅಷ್ಟೇ ಚುಟುಕು, ಅಷ್ಟೇ ತಲೆಹರಟೆ. ಹಾಡು ಕೇಳದೆ ಹಾಕ್ಕೊಂಡಿದ್ದೀಯಲ್ಲ ಅಂತ ಹುಡುಗೀರನ್ನ ಅಡ್ಡ ಹಾಕಿ ‘ಮೂರು ಹಾಡಿನ ಹೆಸರು ಹೇಳು’ ಅಂತ ವೈವಾ ತಗೊಳ್ಳೋ ಮಹಾನುಭಾವರಿದ್ದಾರಲ್ಲ, ಅವರಿಗಿಂತ ನೀವೇ ವಾಸಿ. (ನಾನು ಕೇಳಿದ್ದು ಒಂದೇ ಹಾಡು, ನೆನಪಿಟ್ಕೊಳ್ಳಿ.)

ಇನ್ನು ಒಳಗಿನ ಸುದ್ದಿಗೆ ಬರೋಣ, ನಿಮಗೆ ಬೇಕಾಗಿರೋದೂ ಅದೇ ಅಂತ ಗೊತ್ತು. ಜೋಯಿಯ ಗೆಳತಿ ಅವನನ್ನ ಬಿಟ್ಟು ಜಾನಿ ಜೊತೆ ಹೋದಳು, ಜಾನಿಯನ್ನೇ ಮದುವೆಯೂ ಆದಳು. ಮೊದಲೇ ರಾಜಕೀಯದಲ್ಲಿ ಜೋಯಿ ಎಡ, ಜಾನಿ ಬಲ. ಅಲ್ಲಿಂದ ಇಬ್ಬರಿಗೂ ಮಾತೇ ಇಲ್ಲ. ಆದ್ರೆ ಬ್ಯಾಂಡ್ ಒಡೀಲಿಲ್ಲ! 1996ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೊನೇ ಶೋ ಮುಗಿಯೋವಷ್ಟರಲ್ಲಿ 2,263 ಶೋ ಲೆಕ್ಕಕ್ಕೆ ಬಂದಿತ್ತು.

ಒಂದೇ ವ್ಯಾನು, ವರ್ಷಗಟ್ಟಲೆ, ಮಾತಿಲ್ಲದೆ. ನಿಮ್ಮ ದೊಡ್ಡಪ್ಪ, ಚಿಕ್ಕಪ್ಪ ತೋಟದ ಪಾಲಿನ ಮೇಲೆ ಮಾತು ಬಿಟ್ಟು, ಮದುವೆ ಮನೇಲಿ ಮಾತ್ರ ಒಂದೇ ಪಂಕ್ತೀಲಿ ಕೂತು ‘ಅವರಿಗೆ ಸಾರು ಬೇಕಂತೆ ಕೇಳಪ್ಪ’ ಅಂತ ಬಡಿಸೋನ ಮೂಲಕ ಮಾತಾಡ್ತಾರಲ್ಲ, ಥೇಟ್ ಹಾಗೇ. ಅಣ್ಣತಮ್ಮಂದಿರ ಹಾಗೆ ಹೆಸರಿಟ್ಕೊಂಡೋರು ಕೊನೆಗೆ ನಿಜವಾಗ್ಲೂ ಅಣ್ಣತಮ್ಮಂದಿರೇ ಆಗ್ಬಿಟ್ರು.

ಜೋಯಿ 2001ರಲ್ಲಿ ತೀರ್ಕೊಂಡ. ಮುಂದಿನ ವರ್ಷ ಬ್ಯಾಂಡನ್ನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ರು. ಅವತ್ತಿನ ಭಾಷಣ ಕೇಳ್ಬೇಕು ನೀವು! ಜಾನಿ, ಅಧ್ಯಕ್ಷ ಬುಷ್‌ಗೆ ದೇವರು ಒಳ್ಳೇದು ಮಾಡ್ಲಿ ಅಂದ. ಡೀ ಡೀ ಎದ್ದು ನಿಂತು ತನಗೆ ತಾನೇ ಅಭಿನಂದನೆ ಹೇಳ್ಕೊಂಡು, ತನಗೆ ತಾನೇ ಥ್ಯಾಂಕ್ಸ್ ಹೇಳಿ ಕೂತ. ಜೋಯಿಯನ್ನ ನೆನೆಸ್ಕೊಂಡೋನು ಟಾಮಿ. (ನಿಮ್ಮ ಆಫೀಸಿನ ಬೀಳ್ಕೊಡುಗೆ ಸಮಾರಂಭದಲ್ಲಿ ನೀವು ಇಪ್ಪತ್ತು ನಿಮಿಷ ಮಾತಾಡಿದ್ದೂ ಡೀ ಡೀ ಭಾಷಣವೇ, ಸ್ವಲ್ಪ ಉದ್ದ ಅಷ್ಟೇ.)

ಸತ್ತ ಮೇಲೆ ಸಡಗರ ಜೋರಾಯ್ತು. ಸದ್ಯ, ಬದುಕಿದ್ದಾಗಲೂ ತಲೆ ಮೇಲೆ ಹೊತ್ಕೊಂಡ ಊರಿತ್ತು, ಬ್ಯೂನಸ್ ಐರಿಸ್. ಅಮೆರಿಕದಲ್ಲಿ ಸಣ್ಣ ಸಭಾಂಗಣ, ಅಲ್ಲಿ 1996ರಲ್ಲಿ ರಿವರ್ ಪ್ಲೇಟ್ ಫುಟ್‌ಬಾಲ್ ಸ್ಟೇಡಿಯಂ. 1993ರಲ್ಲೇ ‘ದ ಸಿಂಪ್ಸನ್ಸ್’ ಕಾರ್ಟೂನಲ್ಲಿ ಬಂದು ಹುಟ್ಟುಹಬ್ಬದ ಹಾಡು ಹಾಡಿ ಬೈದು ಹೋಗಿದ್ರು. ‘ಬ್ಲಿಟ್ಜ್‌ಕ್ರೀಗ್ ಬಾಪ್’ ಅನ್ನೋ ಅವರ ಹಾಡು ಬಿಡುಗಡೆ ಆದಾಗ ಪಟ್ಟಿಯ ಮೊದಲ ನೂರರಲ್ಲೂ ಇರ್ಲಿಲ್ಲ. ಅದರ ಶುರುವಿನ ಕೂಗು ಈಗ ಅಮೆರಿಕದ ಆಟದ ಮೈದಾನಗಳಲ್ಲಿ ಜನ ಒಕ್ಕೊರಲಲ್ಲಿ ಕೂಗೋ ಘೋಷಣೆ. ಕೂಗೋರಲ್ಲಿ ಎಷ್ಟೋ ಮಂದಿಗೆ ಬ್ಯಾಂಡಿನ ಹೆಸರೂ ಗೊತ್ತಿರಲ್ಲ. ನಿಮಗೆ ಹೆಸರಾದ್ರೂ ಗೊತ್ತಿತ್ತು, ಎದೆ ಮೇಲೇ ಬರೆದಿತ್ತಲ್ಲ.

ಸಿಬಿಜಿಬಿ 2006ರಲ್ಲಿ ಮುಚ್ಚಿತು. ಆ ಜಾಗಕ್ಕೆ ಬಂದಿದ್ದು ದುಬಾರಿ ಬಟ್ಟೆ ಅಂಗಡಿ. ಅದರ ಹತ್ತಿರದ ರಸ್ತೆ ಮೂಲೆಗೆ ನ್ಯೂಯಾರ್ಕ್ ನಗರದೋರು 2003ರಲ್ಲೇ ‘ಜೋಯಿ ರಮೋನ್ ಪ್ಲೇಸ್’ ಅಂತ ಬೋರ್ಡ್ ಹಾಕಿದ್ರು. ಹಾಕಿದ್ದೇ ತಡ, ಕಳ್ಳತನ. ಇನ್ನೊಂದು ಹಾಕಿದ್ರು, ಅದೂ ಮಾಯ. ಮತ್ತೆ ಮತ್ತೆ ಕದ್ದು, ಊರಲ್ಲೇ ಅತಿ ಹೆಚ್ಚು ಕಳುವಾಗೋ ರಸ್ತೆ ಬೋರ್ಡ್ ಅಂತ ಹೆಸರಾಗಿ, ಕೊನೆಗೆ ಕೈಗೆ ಸಿಗದ ಹಾಗೆ 20 ಅಡಿ ಎತ್ತರಕ್ಕೆ ಏರಿಸ್ಬೇಕಾಯ್ತು. ನೀವು ಅಂಥ ಕೆಲಸ ಮಾಡೋರಲ್ಲ, ನಂಗೊತ್ತು. (ನಿಮ್ಮ ಬಾತ್‌ರೂಮಿನ ಬಿಳಿ ಟವೆಲ್ ಮೇಲೆ ಯಾವುದೋ ಹೋಟೆಲ್ ಹೆಸರು ಯಾಕಿದೆ ಅಂತ ನಾನು ಕೇಳಿದ್ನಾ?)